ಸೋಷಿಯಲ್ ಸೆಕ್ಯೂರಿಟಿ ಹಣ ಬಂದ ಖಾತೆಯಲ್ಲೇ ಇರಲಿ

ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ, ಅದರಲ್ಲೂ ವಯಸ್ಸಾದ ಅಪ್ಪ ಅಮ್ಮ ಜೊತೆಗಿರುವವರಿಗೆ, ಈ ವಿಷಯ ಗೊತ್ತಿರಲೇಬೇಕು. ಕ್ರೆಡಿಟ್ ಕಾರ್ಡಿನವರೋ ಆಸ್ಪತ್ರೆಯವರೋ ಬಾಕಿಗಾಗಿ ಕೇಸು ಹಾಕಿ ಗೆದ್ದರೆ, ನೇರವಾಗಿ ನಿಮ್ಮ ಬ್ಯಾಂಕಿಗೇ ಆರ್ಡರ್ ಕಳಿಸಿ ಖಾತೆಯಲ್ಲಿರುವ ಹಣ ಹಿಡಿಸಬಹುದು. ಇದಕ್ಕೆ ಗಾರ್ನಿಶ್‌ಮೆಂಟ್ ಅಂತಾರೆ. ಆದರೆ ಸೋಷಿಯಲ್ ಸೆಕ್ಯೂರಿಟಿ (ನಿವೃತ್ತರಿಗೆ, ಅಂಗವಿಕಲರಿಗೆ ಸರ್ಕಾರ ಕೊಡುವ ಪಿಂಚಣಿ), ಎಸ್‌ಎಸ್‌ಐ (ಆದಾಯ ತೀರಾ ಕಡಿಮೆ ಇರುವ ಹಿರಿಯರಿಗೆ, ಅಂಗವಿಕಲರಿಗೆ ಕೊಡುವ ನೆರವು), ಮಾಜಿ ಸೈನಿಕರಿಗೆ ಬರುವ ವಿಎ ಹಣ, ಇವನ್ನೆಲ್ಲ ಅವರು ಮುಟ್ಟುವ ಹಾಗಿಲ್ಲ.

2011ರ ಮೇ 1ರಿಂದ ಇದನ್ನು ನೋಡಿಕೊಳ್ಳುವ ಕೆಲಸ ಬ್ಯಾಂಕಿನದೇ. ಆರ್ಡರ್ ಬಂದ ಮೇಲೆ ಸಾಮಾನ್ಯವಾಗಿ ಎರಡು ಕೆಲಸದ ದಿನಗಳೊಳಗೆ ಅವರು ಹಿಂದಿನ ಎರಡು ತಿಂಗಳ ಲೆಕ್ಕ ತೆಗೆದು, ಡೈರೆಕ್ಟ್ ಡೆಪಾಸಿಟ್ ಆಗಿ ಬಂದ ಸರ್ಕಾರದ ಹಣ ಎಷ್ಟಿದೆಯೋ ಅಷ್ಟನ್ನು ನಿಮ್ಮ ಕೈಗೆ ಸಿಗುವ ಹಾಗೆ ಬಿಡಬೇಕು. ತಿಂಗಳಿಗೆ 1,400 ಡಾಲರ್ ಬರುತ್ತೆ ಅಂದುಕೊಳ್ಳಿ. ಎರಡು ತಿಂಗಳಿಗೆ 2,800. ಖಾತೆಯಲ್ಲಿ 4,000 ಇದ್ದರೆ ಮೇಲಿನ 1,200 ಫ್ರೀಜ್ ಆಗಬಹುದು. 2,000 ಮಾತ್ರ ಇದ್ದರೆ ಅಷ್ಟೂ ಸುರಕ್ಷಿತ.

ಬ್ಯಾಂಕಿಗೆ ಇದು ಹೇಗೆ ಗೊತ್ತಾಗುತ್ತೆ? ಅಮ್ಮನ ಸ್ಟೇಟ್‌ಮೆಂಟ್ ತೆಗೆದು ನೋಡಿ. ‘SSA TREAS 310’ ಅಂತ ಶುರುವಾಗುವ ಸಾಲಿನಲ್ಲಿ, ‘SOC SEC’ (ಸೋಷಿಯಲ್ ಸೆಕ್ಯೂರಿಟಿ) ಅನ್ನೋದಕ್ಕೆ ಮುಂಚೆ, ಅಂಟಿಕೊಂಡ ಹಾಗೆ ಎರಡು ಎಕ್ಸ್ (XX) ಅಕ್ಷರ ಇರುತ್ತವೆ. ಮುದ್ರಣದ ತಪ್ಪೇನೋ ಅನ್ನಿಸುತ್ತೆ, ಅಲ್ವಾ? ಈ ಹಣವನ್ನು ಹಿಡಿಯಬೇಡಿ ಅಂತ ಸರ್ಕಾರದ ಖಜಾನೆಯವರು (ಟ್ರೆಷರಿ) ಬ್ಯಾಂಕಿಗೆ ಹಾಕಿಕೊಟ್ಟ ಗುರುತೇ ಅದು.

ಆ ಗುರುತು ಹಣದ ಜೊತೆ ಬೇರೆ ಖಾತೆಗೆ ಹೋಗುವುದಿಲ್ಲ. ಎಲ್ಲರೂ ಎಡವುವುದು ಇಲ್ಲೇ. ನಮಗೆ ಪರಿಚಯದ ಹಿರಿಯರೊಬ್ಬರು ಪ್ರತಿ ತಿಂಗಳು ಸೋಷಿಯಲ್ ಸೆಕ್ಯೂರಿಟಿ ಬಂದ ತಕ್ಷಣ, ಬಡ್ಡಿ ಸ್ವಲ್ಪ ಜಾಸ್ತಿ ಸಿಗುತ್ತೆ ಅಂತ ಅದನ್ನು ಸೇವಿಂಗ್ಸ್ ಖಾತೆಗೆ ಹಾಕುತ್ತಿದ್ದರು. ಹಳೇ ಕಾರ್ಡ್ ಸಾಲದ ಮೇಲೆ ಕೋರ್ಟಿನಿಂದ ಬಂದ ಕಾಗದವನ್ನು ಭಯಕ್ಕೆ ಒಡೆದೂ ನೋಡದೆ ಡ್ರಾಯರ್‌ನಲ್ಲಿಟ್ಟಿದ್ದರು. ಇವರು ಉತ್ತರ ಕೊಡದೆ ಇದ್ದಿದ್ದರಿಂದ ತೀರ್ಪು ಆ ಕಡೆಗೇ ಆಯಿತು. ಬ್ಯಾಂಕಿನವರು ಸೇವಿಂಗ್ಸ್ ಖಾತೆ ನೋಡಿದರು, ಅಲ್ಲಿ ಸರ್ಕಾರದಿಂದ ನೇರವಾಗಿ ಬಂದಿದ್ದು ಒಂದೂ ಇರಲಿಲ್ಲ, ಪೂರ್ತಿ ಫ್ರೀಜ್. ಬಾಡಿಗೆ ಕಟ್ಟೋಕೂ ಆಗದೆ ಆ ಮನುಷ್ಯ ಅಡುಗೆಮನೆಯಲ್ಲಿ ಕೂತು ಫೋನನ್ನೇ ನೋಡುತ್ತಿದ್ದ ದಿನ ನನಗೆ ಮರೆಯುವುದಿಲ್ಲ.

ಹಾಗಾಗಿ ಆ ಹಣಕ್ಕೆ ಒಂದು ಬೇರೆ ಖಾತೆ ಇರಲಿ. ನಿಮ್ಮ ಸಂಬಳ, ಮಕ್ಕಳು ಕಳಿಸಿದ ದುಡ್ಡು, ಬಾಡಿಗೆ, ಏನನ್ನೂ ಅದರೊಳಗೆ ಬೆರೆಸಬೇಡಿ. ಬಂದ ಖಾತೆಯಿಂದಲೇ ಖರ್ಚು ಮಾಡಿ. ಕೋರ್ಟ್ ಕಾಗದ ಬಂದರೆ ಸುಮ್ನೆ ಕೂರಬೇಡಿ, ಗಡುವಿನೊಳಗೆ ಉತ್ತರ ಕೊಡಲೇಬೇಕು.

ಸರ್ಕಾರಕ್ಕೇ ತೆರಿಗೆ ಬಾಕಿ ಇದ್ದರೆ, ಮಕ್ಕಳ ಜೀವನಾಂಶ ಕೊಡಬೇಕಿದ್ದರೆ, ಸೋಷಿಯಲ್ ಸೆಕ್ಯೂರಿಟಿಗೆ ಈ ರಕ್ಷಣೆ ಇಲ್ಲ. ರಾಜ್ಯದಿಂದ ಬರುವ ನಿರುದ್ಯೋಗ ಭತ್ಯೆಯೂ ಈ ಎರಡು ತಿಂಗಳ ನಿಯಮದಲ್ಲಿ ಸೇರಿಲ್ಲ.

ಫ್ರೀಜ್ ಆಗಿಬಿಟ್ಟಿದ್ದರೂ ಹಣ ಹೋಯಿತು ಅಂದುಕೊಳ್ಳಬೇಡಿ. ಎರಡು ತಿಂಗಳಿಗಿಂತ ಹಳೆಯದಾದರೂ, ಬೇರೆ ಖಾತೆಗೆ ಹೋಗಿದ್ದರೂ, ಅದು ಸೋಷಿಯಲ್ ಸೆಕ್ಯೂರಿಟಿ ಹಣವೇ ಅಂತ ತೋರಿಸಿದರೆ ಕಾನೂನು ನಿಮ್ಮ ಕಡೆಗಿದೆ, ಆದರೆ ಈಗ ಕೋರ್ಟಿನಲ್ಲಿ ಕೇಳಬೇಕಾದವರು ನೀವು. ವಿನಾಯಿತಿ ಕೇಳುವ ಫಾರ್ಮಿಗೆ ಗಡುವು ತುಂಬಾ ಚಿಕ್ಕದಿರುತ್ತೆ, ಅವತ್ತೇ ಲೀಗಲ್ ಏಡ್‌ಗೆ ಫೋನ್ ಮಾಡಿ, ಕಡಿಮೆ ಆದಾಯದವರಿಗೆ ಅವರು ದುಡ್ಡು ತೆಗೆದುಕೊಳ್ಳುವುದಿಲ್ಲ. ನಮ್ಮ ಹಿರಿಯರಿಗೆ ಹಣ ವಾಪಸ್ ಸಿಕ್ಕಿದ್ದು ಎರಡೂ ಖಾತೆಗಳ ಸ್ಟೇಟ್‌ಮೆಂಟ್ ಪಕ್ಕಪಕ್ಕ ಇಟ್ಟು, ಇಲ್ಲಿ ಬಂದಿದ್ದೇ ಅಲ್ಲಿಗೆ ಹೋಗಿದೆ ಅಂತ ಒಂದೊಂದು ಸಾಲಿಗೂ ಗೆರೆ ಎಳೆದು ತೋರಿಸಿದ ಮೇಲೆ.