ಪೋಸ್ಟ್ ಹಾಕಿದ್ದಕ್ಕೆ ಆಫೀಸಿನಿಂದ ನೋಟಿಸ್ ಬಂತೇ? ಅವಸರ ಬೇಡ, ಹೀಗೆ ಮಾಡಿ

ಲಿಂಕ್ಡ್‌ಇನ್‌ನಲ್ಲಿ ಬರೆದ ನಾಲ್ಕು ಸಾಲಿಗೋ, ವಾಟ್ಸ್ಯಾಪ್ ಗ್ರೂಪಿನ ಮೆಸೇಜಿಗೋ ಎಚ್‌ಆರ್‌ನಿಂದ ಕಾರಣ ಕೇಳಿ ನೋಟಿಸ್ ಬಂದರೆ ಕೆಲವರು ಗಾಬರಿಯಲ್ಲಿ ಪೋಸ್ಟ್ ಅಳಿಸಿ ಫೋನಿನಲ್ಲೇ ಕ್ಷಮೆ ಕೇಳಿಬಿಡುತ್ತಾರೆ. ಇನ್ನು ಕೆಲವರು ‘ವಾಕ್ ಸ್ವಾತಂತ್ರ್ಯ ನನ್ನ ಹಕ್ಕು’ ಎಂದು ಉದ್ದದ ಇಮೇಲ್ ಕಳಿಸುತ್ತಾರೆ. ಆ ಹಕ್ಕು ಕೊಡುವ ಸಂವಿಧಾನದ 19ನೇ ವಿಧಿ ಮುಖ್ಯವಾಗಿ ಇರುವುದು ಸರ್ಕಾರಕ್ಕೆ ಮೂಗುದಾರ ಹಾಕಲು. ಖಾಸಗಿ ಕಂಪನಿಯ ಎದುರು ಅದೊಂದನ್ನೇ ಹಿಡಿದು ಗೆಲ್ಲುವುದು ಕಷ್ಟ. ನಿಮ್ಮ ನಿಜವಾದ ಬಲ ಇರುವುದು ಬೇರೆ ಕಡೆ: ಕಂಪನಿಯ ಲಿಖಿತ ನಿಯಮ ಏನು ಹೇಳುತ್ತದೆ, ಕ್ರಮ ಕೈಗೊಳ್ಳುವಾಗ ಅದು ಸರಿಯಾದ ದಾರಿ ಹಿಡಿಯಿತೇ ಎಂಬುದರಲ್ಲಿ.

ಮೊದಲು ಪ್ರತಿ ಇಟ್ಟುಕೊಳ್ಳಿ

ಪೋಸ್ಟ್ ತೆಗೆಯುವುದು ಬಿಡುವುದು ಆಮೇಲಿನ ಮಾತು. ಅದಕ್ಕೂ ಮೊದಲು ಇಡೀ ಪೋಸ್ಟ್, ಕೆಳಗಿನ ಕಾಮೆಂಟುಗಳು, ದಿನಾಂಕ, ಯಾರಿಗೆಲ್ಲ ಕಾಣುತ್ತಿತ್ತು ಎಂಬ ಸೆಟ್ಟಿಂಗ್, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಇಲ್ಲದಿದ್ದರೆ ಕಂಪನಿಯ ಬಳಿ ಇರುವ, ಹಿಂದು ಮುಂದು ಕತ್ತರಿಸಿದ ಸ್ಕ್ರೀನ್‌ಶಾಟ್ ಒಂದೇ ಉಳಿಯುತ್ತದೆ. ಆಫೀಸಿನೊಳಗಿನ ವಿಚಾರಣೆಗೆ ಸಾಕ್ಷ್ಯ ಕಾಯ್ದೆಯ ಬಿಗಿ ನಿಯಮಗಳು ಅನ್ವಯಿಸುವುದಿಲ್ಲ. ಆದರೆ ವಿಷಯ ಕೋರ್ಟಿಗೆ ಹೋದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆಗೆ, ಅದು ಯಾವ ಸಾಧನದಿಂದ ಬಂತು ಎಂದು ತಿಳಿಸುವ ಪ್ರಮಾಣಪತ್ರ ಬೇಕಾಗುತ್ತದೆ. ಹಾಗಾಗಿ ಆ ಫೋನನ್ನು ಸದ್ಯಕ್ಕೆ ಮಾರಬೇಡಿ, ಎಕ್ಸ್‌ಚೇಂಜಿಗೂ ಕೊಡಬೇಡಿ. ಇನ್ನೊಂದು ಮಾತು. ಸಾಕ್ಷಿ ಬೇಕೆಂದು ಕಂಪನಿಯ ಗೋಪ್ಯ ಫೈಲುಗಳನ್ನು ಸ್ವಂತ ಜಿಮೇಲಿಗೆ ಕಳಿಸಿಕೊಂಡರೆ ಅದೇ ಎರಡನೇ ಆರೋಪವಾಗುತ್ತದೆ!

ಯಾವ ನಿಯಮ ಮುರಿದೆ ಎಂದು ಕೇಳಿ

ನೋಟಿಸಿನಲ್ಲಿ ಸುಮ್ನೆ ‘ಕಂಪನಿಯ ಹೆಸರಿಗೆ ಧಕ್ಕೆ’ ಎಂದಷ್ಟೇ ಬರೆದಿದ್ದರೆ, ನೇಮಕಾತಿ ಪತ್ರದ ಅಥವಾ ಸೋಷಿಯಲ್ ಮೀಡಿಯಾ ಪಾಲಿಸಿಯ ಯಾವ ಅಂಶ ಎಂದು ಲಿಖಿತವಾಗಿ ಕೇಳಿ. ಆ ಪಾಲಿಸಿ ನಿಮಗೆ ಯಾವಾಗ ತಲುಪಿತು ಎಂಬುದೂ ಮುಖ್ಯ. ಪೋಸ್ಟ್ ಹಾಕಿದ ಮೇಲೆ ಬಂದ ಪಾಲಿಸಿಯನ್ನು ಹಿಂದಿನ ಪೋಸ್ಟಿಗೆ ಅಂಟಿಸುವುದು ನ್ಯಾಯವಲ್ಲ, ಅಲ್ವಾ? 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಡಿ, 300 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ ಸ್ಥಾಯಿ ಆದೇಶಗಳು, ಅಂದರೆ ಕೆಲಸದ ಷರತ್ತು, ಶಿಸ್ತಿನ ಲಿಖಿತ ನಿಯಮಗಳು ಇರಬೇಕು. ದುರ್ನಡತೆ ಯಾವುದು ಎಂಬ ಪಟ್ಟಿ ಅದರಲ್ಲೇ ಸಿಗುತ್ತದೆ.

ನಿಮ್ಮ ಪೋಸ್ಟನ್ನು ನೀವೇ ತೂಗಿ ನೋಡಿ

ಇಲ್ಲಿ ಪ್ರಾಮಾಣಿಕತೆ ಬೇಕು. ಗ್ರಾಹಕರ ಮಾಹಿತಿ, ಇನ್ನೂ ಹೊರಬರದ ಪ್ರಾಡಕ್ಟಿನ ಫೋಟೊ, ಸೋರ್ಸ್ ಕೋಡ್ ಹಾಕಿದ್ದರೆ ನಿಮ್ಮ ವಾದ ಮೊದಲೇ ದುರ್ಬಲ. ಹೆಸರು ಹಿಡಿದು ಸುಳ್ಳು ಆರೋಪ ಮಾಡಿದ್ದರೆ ಮಾನನಷ್ಟದ ಕೇಸೂ ಬರಬಹುದು. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಅದಕ್ಕೆ 2 ವರ್ಷದವರೆಗೆ ಸಾದಾ ಸೆರೆವಾಸ ವಿಧಿಸಬಹುದು. ಲೈಂಗಿಕ ಕಿರುಕುಳದ ದೂರಿನ ವಿವರ, ಅದರಲ್ಲಿರುವವರ ಗುರುತು ಬಹಿರಂಗ ಮಾಡುವುದನ್ನು ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಸೆಕ್ಷನ್ ನಿಷೇಧಿಸುತ್ತದೆ. ದೂರನ್ನು ಫೇಸ್‌ಬುಕ್ಕಿಗಲ್ಲ, ಇಂಥ ದೂರು ವಿಚಾರಿಸಲೆಂದೇ ಆಫೀಸಿನಲ್ಲಿರುವ ಆಂತರಿಕ ಸಮಿತಿಗೆ ಕೊಡಿ.

ಸಂಬಳ ತಡವಾಯಿತು, ಕೆಲಸದ ಹೊರೆ ಜಾಸ್ತಿ, ಮೇಲಿನವರ ನಿರ್ಧಾರ ಸರಿಯಿಲ್ಲ ಎಂಬ ಮಾತುಗಳು ಬೇರೆ. ತಮಿಳುನಾಡಿನ ಗ್ರಾಮೀಣ ಬ್ಯಾಂಕೊಂದರ ನೌಕರರು ಸಹೋದ್ಯೋಗಿಗಳ ವಾಟ್ಸ್ಯಾಪ್ ಗ್ರೂಪಿನಲ್ಲಿ ಮೇಲಧಿಕಾರಿಗಳನ್ನು ಟೀಕಿಸಿದ್ದಕ್ಕೆ ಆರೋಪಪಟ್ಟಿ ಬಂದಿತ್ತು. 2023ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಅದನ್ನು ರದ್ದು ಮಾಡಿತು. ನೌಕರರಿಗೂ ತಮ್ಮ ಅಸಮಾಧಾನ ಹೊರಹಾಕುವ ಹಕ್ಕಿದೆ ಎಂಬುದು ಆ ತೀರ್ಪಿನ ತಿರುಳು. ಮುಚ್ಚಿದ ಗ್ರೂಪಿನ ಮಾತಿಗೂ ಎಲ್ಲರಿಗೂ ಕಾಣುವ ಪೋಸ್ಟಿಗೂ ವ್ಯತ್ಯಾಸವಿದೆ ಎಂದು ನಿಮ್ಮ ಉತ್ತರದಲ್ಲಿ ಇದನ್ನು ಉಲ್ಲೇಖಿಸಬಹುದು. ಆದರೆ ಅದು ಬೇರೆ ರಾಜ್ಯದ ಹೈಕೋರ್ಟು. ಕರ್ನಾಟಕದಲ್ಲಿ ಅದಕ್ಕೆ ತೂಕವಿದೆ, ಆದರೆ ಇಲ್ಲಿನ ಕೋರ್ಟು ಅದನ್ನು ಪಾಲಿಸಲೇಬೇಕೆಂದಿಲ್ಲ.

ಸರ್ಕಾರಿ ನೌಕರರ ಲೆಕ್ಕ ಬೇರೆ. ಅವರಿಗೆ 19ನೇ ವಿಧಿ ನೇರವಾಗಿ ಸಿಗುತ್ತದೆ, ಜೊತೆಗೆ ನಡತೆ ನಿಯಮಗಳ ಕಟ್ಟೂ ಇರುತ್ತದೆ. ತ್ರಿಪುರಾದಲ್ಲಿ ಒಬ್ಬ ನೌಕರರನ್ನು ನಿವೃತ್ತಿಗೆ ಕೆಲವೇ ದಿನ ಇರುವಾಗ ಫೇಸ್‌ಬುಕ್ ಪೋಸ್ಟಿನ ಕಾರಣವನ್ನೂ ಸೇರಿಸಿ ಅಮಾನತು ಮಾಡಿದ್ದರು. 2020ರಲ್ಲಿ ಅಲ್ಲಿನ ಹೈಕೋರ್ಟು ಅವರ ಪರ ನಿಂತಿತು.

ಉತ್ತರ ಚಿಕ್ಕದಾಗಿರಲಿ

ಸಮಯ ಸಾಲದಿದ್ದರೆ ಗಡುವು ಮುಗಿಯುವ ಮೊದಲೇ ಇಮೇಲಿನಲ್ಲಿ ಹೆಚ್ಚು ದಿನ ಕೇಳಿ. ಸಿಟ್ಟು, ವ್ಯಂಗ್ಯ ಬೇಡ. ಉತ್ತರ ಹೀಗಿರಬಹುದು: ‘ಈ ಪೋಸ್ಟ್ ನನ್ನ ಸ್ವಂತ ಅಭಿಪ್ರಾಯ. ಆಫೀಸಿನ ಸಮಯದ ಹೊರಗೆ, ನನ್ನ ಸ್ವಂತ ಖಾತೆಯಿಂದ ಬರೆದದ್ದು. ಇದರಲ್ಲಿ ಯಾವುದೇ ಗೋಪ್ಯ ಮಾಹಿತಿ ಇಲ್ಲ. ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ. ದುರ್ನಡತೆಯ ಆರೋಪವನ್ನು ಒಪ್ಪುವುದಿಲ್ಲ. ಮುಂದಿನ ಕ್ರಮ ಕೈಗೊಳ್ಳುವುದಾದರೆ ನನಗೆ ವಿಚಾರಣೆಯ ಅವಕಾಶ ಕೊಡಿ.’ ಇಷ್ಟರಲ್ಲಿ ನಿಜವಾದ ವಾಕ್ಯಗಳನ್ನು ಮಾತ್ರ ಇಟ್ಟುಕೊಳ್ಳಿ.

‘ನೀವೇ ರಾಜೀನಾಮೆ ಕೊಟ್ಟುಬಿಡಿ’ ಎಂದರೆ

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕೇಳಿಬರುವ ಮಾತು ಇದು. ಮೀಟಿಂಗ್ ರೂಮಿನಲ್ಲಿ ಕೂರಿಸಿ, ಎಕ್ಸ್‌ಪೀರಿಯನ್ಸ್ ಲೆಟರ್ ಬೇಕಾದರೆ ಈಗಲೇ ರಾಜೀನಾಮೆ ಕಳಿಸಿ ಅನ್ನುತ್ತಾರೆ. ಅಲ್ಲೇ ಒಪ್ಪಬೇಡಿ. ಮನೆಗೆ ಬಂದು, ‘ಇಂದು ಹೀಗೆ ಹೇಳಿದಿರಿ, ನನಗೆ ರಾಜೀನಾಮೆ ಕೊಡುವ ಉದ್ದೇಶವಿಲ್ಲ’ ಎಂದು ಇಮೇಲ್ ಮಾಡಿ. ರಾಜೀನಾಮೆ ಕೊಟ್ಟ ಮೇಲೆ ಅದು ಬಲವಂತದ್ದು ಎಂದು ತೋರಿಸುವ ಹೊರೆ ನಿಮ್ಮದಾಗುತ್ತದೆ.

ಅಮಾನತು ಮಾಡಿದರೆ ಕೈಗಾರಿಕಾ ಸಂಬಂಧಗಳ ಸಂಹಿತೆಯಡಿ ಬರುವ ಕೆಲಸಗಾರರಿಗೆ ಮೊದಲ 90 ದಿನ ಅರ್ಧ ಸಂಬಳ, ವಿಚಾರಣೆ ತಡವಾಗಲು ನೀವು ಕಾರಣರಲ್ಲದಿದ್ದರೆ ಆಮೇಲೆ ಮುಕ್ಕಾಲು, ಜೀವನಾಧಾರ ಭತ್ಯೆಯಾಗಿ ಸಿಗಬೇಕು. ಕೆಲಸದಿಂದಲೇ ತೆಗೆದರೆ, ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರ 39ನೇ ಸೆಕ್ಷನ್ ನೋಡಿ. 6 ತಿಂಗಳು ಸತತ ದುಡಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ ತೆಗೆಯುವಂತಿಲ್ಲ. ದುರ್ನಡತೆ ಎಂದು ನೋಟಿಸಿಲ್ಲದೆ ತೆಗೆಯಬೇಕಾದರೆ ವಿಚಾರಣೆಯಲ್ಲಿ ಸಾಕ್ಷ್ಯ ದಾಖಲಾಗಿರಬೇಕು. ಮ್ಯಾನೇಜರ್ ದರ್ಜೆಯ ಕೆಲಸ ಮಾಡುವವರಿಗೆ ಈ ರಕ್ಷಣೆಗಳು ಕಡಿಮೆ. ಆದರೆ ವಿಸಿಟಿಂಗ್ ಕಾರ್ಡಿನಲ್ಲಿ ಮ್ಯಾನೇಜರ್ ಎಂದಿದ್ದ ಮಾತ್ರಕ್ಕೆ ಅಲ್ಲ, ನಿಜಕ್ಕೂ ಮಾಡುವ ಕೆಲಸ ಏನು ಎಂಬುದನ್ನು ಕೋರ್ಟು ನೋಡುತ್ತದೆ.

ಕೆಲಸಗಾರರು ವಜಾ ಆದ 2 ವರ್ಷದೊಳಗೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಬಳಿ ಹೋಗಬೇಕು. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಬಹುದು. ವಕೀಲರ ಫೀಸಿನ ಚಿಂತೆ ಇದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಕೇಳಬಹುದು.