ಗುಪ್ತ ಗಿರಾಕಿಯಾಗುವುದು ಹೇಗೆ?

ಪೇಟೆ ಸುತ್ತಿ ಸಾಮಾನು ಕೊಂಡರೆ ದುಡ್ಡು ಕೊಡುತ್ತಾರೆ ಎಂದುಕೊಂಡು ಮಿಸ್ಟರಿ ಶಾಪಿಂಗಿಗೆ ಇಳಿದವರು ಹೆಚ್ಚಾಗಿ ಮೊದಲ ವರದಿಯಲ್ಲೇ ಮುಗ್ಗರಿಸುತ್ತಾರೆ. ತನ್ನ ಮಳಿಗೆಯಲ್ಲಿ ಗಿರಾಕಿಗೆ ಎಂಥ ಉಪಚಾರ ಸಿಗುತ್ತಿದೆ ಎಂದು ತಿಳಿಯಲು ಕಂಪೆನಿ ಒಂದು ಆಡಿಟ್ ಏಜೆನ್ಸಿಗೆ ಕೆಲಸ ವಹಿಸುತ್ತದೆ, ಏಜೆನ್ಸಿ ನಿಮ್ಮನ್ನು ಸಾಮಾನ್ಯ ಗಿರಾಕಿಯ ಹಾಗೆ ಗುಟ್ಟಾಗಿ ಕಳಿಸುತ್ತದೆ. ಕಂಡದ್ದನ್ನು ಕಂಡ ಹಾಗೆ ಬರೆದು ಕೊಟ್ಟರೆ ಮಾತ್ರ ಸಂಭಾವನೆ.

1. ಹೆಸರು ನೋಂದಣಿ. ಪ್ಯಾನ್, ಬ್ಯಾಂಕ್ ಖಾತೆ, ಈ ಕೆಲಸಕ್ಕೇ ಮೀಸಲಾದ ಒಂದು ಇಮೇಲ್ ಸಾಕು. ಎರಡು ಮೂರು ಏಜೆನ್ಸಿಗಿಂತ ಹೆಚ್ಚು ಬೇಡ. ಈ ಕ್ಷೇತ್ರದ ಅಂತಾರಾಷ್ಟ್ರೀಯ ಸಂಘ ಎಂಎಸ್‌ಪಿಎಯ ಜಾಲತಾಣದಲ್ಲಿ ಸದಸ್ಯ ಏಜೆನ್ಸಿಗಳ ಪಟ್ಟಿ ಪುಕ್ಕಟೆ ಸಿಗುತ್ತದೆ. ಹಾಗಿರುವಾಗ ‘ಐನೂರು ಕಂಪೆನಿಗಳ ಪಟ್ಟಿ’ ಎಂದು ಮಾರುವ ಪಿಡಿಎಫ್‌ಗೆ ದುಡ್ಡು ಸುರಿಯಬೇಡಿ. ನೋಂದಣಿಗೆ ಶುಲ್ಕ ಕೇಳಿದರೆ ಅಲ್ಲಿಂದಲೇ ಹಿಂದೆ ಬನ್ನಿ. ಟೆಲಿಗ್ರಾಂನಲ್ಲಿ ‘ಟಾಸ್ಕ್’ ಕೊಟ್ಟು, ಮೊದಲು ನೂರಿನ್ನೂರು ರೂಪಾಯಿ ಖಾತೆಗೆ ಹಾಕಿ, ಆಮೇಲೆ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುವುದು ಶುದ್ಧ ವಂಚನೆ. ಸಿಕ್ಕಿಬಿದ್ದಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಗಡಿನಾಡಿನವರಿಗೆ ಇಲ್ಲೊಂದು ತೊಡಕಿದೆ. ಕಾಸರಗೋಡಿನ 671121 ಪಿನ್ ಕೋಡ್ ಮಾತ್ರ ಹಾಕಿದರೆ ಕೆಲವು ಫಾರ್ಮುಗಳು ಕೇರಳದ ಕೆಲಸಗಳನ್ನಷ್ಟೇ ತೋರಿಸುತ್ತವೆ, ಕಣ್ಣೂರು, ಕೋಝಿಕ್ಕೋಡ್ ಎಂದು. ಮಂಜೇಶ್ವರ, ಉಪ್ಪಳದವರಿಗೆ ಮಂಗಳೂರೇ ಹತ್ತಿರ. ಹೋಗಬಲ್ಲ ಊರುಗಳ ಕಾಲಂನಲ್ಲಿ ಮಂಗಳೂರಿನ 575001 ಕೂಡ ಸೇರಿಸಿ. ಭಾಷೆಗಳ ಕಾಲಂನಲ್ಲಿ ಕನ್ನಡ, ಮಲಯಾಳಂ, ತುಳು ಮೂರನ್ನೂ ಬರೆಯಿರಿ.

2. ಕೆಲಸ ಆರಿಸುವುದು. ಮೊದಲಿಗೆ ಪೆಟ್ರೋಲ್ ಪಂಪ್. ಮೀಟರ್ ಸೊನ್ನೆ ತೋರಿಸಿದರೇ, ಗಾಳಿ ಪುಕ್ಕಟೆ ತುಂಬಿದರೇ, ಬಿಲ್ ಕೊಟ್ಟರೇ, ಪ್ರಶ್ನೆಗಳು ಇಂಥವೇ. ಬ್ಯಾಂಕ್, ಚಿನ್ನದಂಗಡಿ ಆಮೇಲೆ ಸಾಕು. ಬಸ್ ಖರ್ಚು ಕಳೆದು ಏನು ಉಳಿಯುತ್ತದೆ ಎಂದು ಲೆಕ್ಕ ಹಾಕಿಯೇ ಒಪ್ಪಿಕೊಳ್ಳಿ. ಏಜೆನ್ಸಿ ವಾಪಸ್ ಕೊಡುವ ಖರೀದಿಯ ಮಿತಿ 300 ರೂಪಾಯಿ ಎಂದಿದ್ದು ನೀವು 450 ಖರ್ಚು ಮಾಡಿದರೆ ಮೇಲಿನ 150 ನಿಮ್ಮ ಕಿಸೆಯಿಂದಲೇ.

3. ಭೇಟಿ. ಎಡವುವುದು ಇಲ್ಲಿಂದ ಶುರು. ಏಜೆನ್ಸಿ ಕೊಟ್ಟ ಸೂಚನಾಪತ್ರವನ್ನು ಹಿಂದಿನ ರಾತ್ರಿ ಒಮ್ಮೆ, ಮಳಿಗೆಗೆ ಹೋಗುವ ಮೊದಲು ಒಮ್ಮೆ ಓದಿ. ಒಂದೇ ಕಂಪೆನಿಯ ಎರಡು ಮಳಿಗೆ ಒಂದೇ ಪೇಟೆಯಲ್ಲಿದ್ದರೆ ವಿಳಾಸವನ್ನು ಅಕ್ಷರ ಬಿಡದೆ ನೋಡಿ. ಪಕ್ಕದ ಮಳಿಗೆಗೆ ಹೋದರೆ ವರದಿ ಎಷ್ಟು ಚೆನ್ನಾಗಿದ್ದರೂ ದುಡ್ಡಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಬಾಯಿಪಾಠ ಮಾಡಿಕೊಳ್ಳಿ. ಮಳಿಗೆಯೊಳಗೆ ಕಾಗದ ಬಿಚ್ಚಿ ಓದುವವನ ಗುಟ್ಟು ಎರಡೇ ನಿಮಿಷದಲ್ಲಿ ಬಯಲು. ಯಕ್ಷಗಾನದಲ್ಲಿ ವೇಷ ಕಟ್ಟಿದ ಮೇಲೆ ಚೌಕಿಯ (ಬಣ್ಣದ ಮನೆಯ) ಮಾತು ರಂಗಸ್ಥಳದಲ್ಲಿ ಆಡುವಂತಿಲ್ಲ.

ಸಮಯವನ್ನು ಅಂದಾಜಿನಲ್ಲಿ ಹೇಳಬೇಡಿ. ಯಾರಿಗೋ ಮೆಸೇಜ್ ಮಾಡುವವರಂತೆ ನಿಮ್ಮದೇ ವಾಟ್ಸಾಪಿಗೆ ಒಂದೊಂದು ಪದ ಕಳಿಸುತ್ತಾ ಹೋಗಿ. ಗಂಟೆ, ನಿಮಿಷ ತಾನಾಗಿ ದಾಖಲಾಗುತ್ತದೆ. ಮೊಬೈಲ್ ಮಳಿಗೆ ಎಂದಿಟ್ಟುಕೊಳ್ಳಿ:

11.42 ಒಳಗೆ.
11.46 ಕನ್ನಡಕದ ಹುಡುಗ, ‘ಎಂತು ವೇಣಂ?’
11.49 ಎರಡು ಸೆಟ್ ತೋರಿಸಿದ, ವಾರಂಟಿ ಹೇಳಲಿಲ್ಲ.
11.58 ಬಿಲ್.

ಹೊರಗೆ ಬಂದ ಕೂಡಲೇ ಬಿಲ್‌ನ ಫೋಟೋ ತೆಗೆಯಿರಿ, ನಾಲ್ಕೂ ಮೂಲೆ ಕಾಣಬೇಕು. ಬಿಲ್ ಯಂತ್ರದ ನುಣುಪು ಕಾಗದದ ಅಕ್ಷರ ದಿನ ಕಳೆದಂತೆ ಮಾಸುತ್ತದೆ, ಬಿಸಿಲಿಗೆ ಕಾದ ಕಾರಿನಲ್ಲಿಟ್ಟರೆ ಚೀಟಿಯೇ ಕಪ್ಪಾಗುತ್ತದೆ. ಕೆಲವು ಸ್ಕ್ಯಾನರ್ ಆ್ಯಪ್‌ಗಳು ತಮ್ಮ ಹೆಸರನ್ನು ಚಿತ್ರದ ಮೇಲೆ ಒತ್ತುತ್ತವೆ. ಫೋನಿನ ಕ್ಯಾಮೆರಾವೇ ವಾಸಿ. ಆಡಿಯೋ ರೆಕಾರ್ಡಿಂಗ್ ಬೇಕೆಂದು ಏಜೆನ್ಸಿ ಲಿಖಿತವಾಗಿ ಹೇಳದಿದ್ದರೆ ಮಾಡಲೇಬೇಡಿ.

4. ವರದಿ. ಅದೇ ದಿನ ಬರೆದು ಮುಗಿಸಿ. 24 ಗಂಟೆಯ ಗಡುವು ಸಾಮಾನ್ಯ. ‘ಸಿಬ್ಬಂದಿ ತುಂಬಾ ಒಳ್ಳೆಯವರು’ ಎಂಬ ವಾಕ್ಯಕ್ಕೆ ಬೆಲೆಯಿಲ್ಲ. ‘ಒಳಗೆ ಹೋಗಿ 4 ನಿಮಿಷದ ತನಕ ಯಾರೂ ಮಾತಾಡಿಸಲಿಲ್ಲ, ಇಬ್ಬರು ಕೌಂಟರಿನ ಹಿಂದೆ ಫೋನ್ ನೋಡುತ್ತಿದ್ದರು’ ಎಂಬುದು ವರದಿ. ‘ಪಾಪ, ಕೆಲಸ ಹೆಚ್ಚಿರಬೇಕು’ ಎಂದು ಊಹೆ ಸೇರಿಸಬೇಡಿ, ಸಲಹೆಯನ್ನೂ ಕೊಡಬೇಡಿ. ‘ಇಲ್ಲ’ ಎಂದು ಗುರುತು ಹಾಕಿದ ಪ್ರತಿ ಪ್ರಶ್ನೆಗೂ ಒಂದು ವಾಕ್ಯದ ಕಾರಣ ಬೇಕು. ವರದಿ ಹೆಚ್ಚಾಗಿ ವಾಪಸ್ ಬರುವುದು ಒಂದಕ್ಕೊಂದು ತಾಳೆಯಾಗದ ಉತ್ತರಗಳಿಂದ: ಮೇಲೆ ‘ಸ್ವಾಗತಿಸಲಿಲ್ಲ’, ಕೆಳಗೆ ‘ನಗುತ್ತಾ ಬರಮಾಡಿಕೊಂಡರು’. ಫಾರ್ಮ್ ಇಂಗ್ಲಿಷಿನಲ್ಲಿದ್ದರೂ ಸಿಬ್ಬಂದಿಯ ಮಾತನ್ನು ಕೇಳಿದ ಹಾಗೇ ಕೊಟ್ಟು, ಪಕ್ಕದಲ್ಲಿ ಅರ್ಥ ಬರೆಯಿರಿ. ಮಲಯಾಳದ ‘ಎಂತು ವೇಣಂ?’ ಸುಮ್ಮನೆ ‘ಏನು ಬೇಕು?’ ಅಷ್ಟೇ, ಅದನ್ನು ‘ದಯವಿಟ್ಟು ಹೇಳಿ ಸರ್’ ಎಂದು ಚಂದ ಮಾಡಿದರೆ ಅದು ಸುಳ್ಳು ವರದಿ.

5. ಹಣ. 30ರಿಂದ 60 ದಿನ ಕಾಯಬೇಕಾಗಬಹುದು. ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಭೇಟಿಯ ದಿನ, ಬರಬೇಕಾದ ಮೊತ್ತ, ಬಂದ ದಿನ ಎಂದು ಮೂರು ಗೆರೆ ಎಳೆದಿಡಿ. ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಕಡಿತವಾದರೆ ಆದಾಯ ತೆರಿಗೆಯ ಜಾಲತಾಣದ ನಿಮ್ಮ ತೆರಿಗೆ ವಿವರದಲ್ಲಿ ಕಾಣಬೇಕು. ನಿಮ್ಮ ಆದಾಯ ತೆರಿಗೆಯ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸ್ ಪಡೆಯಬಹುದು. ಮೂಲ ಬಿಲ್‌ಗಳನ್ನು ಹಣ ಖಾತೆಗೆ ಬೀಳುವ ತನಕ ಎಸೆಯಬೇಡಿ.