ಬೀದಿಯ ಚರಂಡಿಯನ್ನು ಪುರಸಭೆಯ ಠರಾವಿಗೆ ತರುವುದು ಹೇಗೆ?

ಮಳೆಗಾಲ ಬಂತೆಂದರೆ ನಮ್ಮ ಅಡ್ಡರಸ್ತೆಯ ಚರಂಡಿ ನೀರು ಮೂರು ಮನೆಗಳ ಹೊಸ್ತಿಲು ದಾಟುತ್ತಿತ್ತು. ನಾವೇನೂ ಸುಮ್ನೆ ಕೂತಿರಲಿಲ್ಲ. ಎರಡು ವರ್ಷದಲ್ಲಿ ನಾಲ್ಕು ಸಲ ಪುರಸಭೆಗೆ ಅರ್ಜಿ ಕೊಟ್ಟಿದ್ದೆವು. ಐದನೇ ಸಲ ಹೋದಾಗ ಟಪಾಲು ತೆಗೆದುಕೊಳ್ಳುವ ಮೇಡಂ ಅರ್ಜಿಯನ್ನು ಪೂರ್ತಿ ಓದಿ ಕೇಳಿದರು: ‘ಇದರಲ್ಲಿ ಚರಂಡಿ ಇದೆ, ಬೀದಿನಾಯಿ ಇದೆ, ನೀರಿದೆ, ಲೈಟೂ ಇದೆ. ನಾನು ಇದನ್ನ ಯಾವ ಕಡತಕ್ಕೆ ಹಾಕ್ಲಿ ಸರ್? ಒಂದೇ ವಿಷಯ ಬರ್ಕೊಂಡು ಬನ್ನಿ.’

ನಾಲ್ಕು ಅರ್ಜಿ ಎಲ್ಲಿ ಕಳೆದುಹೋದವು ಅಂತ ಆಗ ಗೊತ್ತಾಯಿತು. ಪುರಸಭೆಯ ದುಡ್ಡಿನಲ್ಲಿ ಹೊಸ ಚರಂಡಿ ಆಗಬೇಕಾದರೆ ಅದು ಸಭೆಯಲ್ಲಿ ಒಂದು ವಿಷಯವಾಗಿ ಬರಬೇಕು. ಆ ವಿಷಯ ಠರಾವಾಗಬೇಕು, ಅಂದರೆ ಸಭೆಯ ಲಿಖಿತ ತೀರ್ಮಾನವಾಗಬೇಕು. ಆ ಠರಾವಿಗೆ ಯಾವುದಾದರೂ ಅನುದಾನ ಜೋಡಿಸಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅರ್ಜಿ ಅರ್ಜಿಯಾಗಿಯೇ ಉಳಿಯುತ್ತದೆ. ಹಳ್ಳಿಯವರಿಗೆ ಗ್ರಾಮಸಭೆ ಇದೆ, ಎದ್ದು ನಿಂತು ಕೇಳಬಹುದು. ಸಂವಿಧಾನ ವಾರ್ಡ್ ಸಮಿತಿ ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರುಗಳಿಗೆ. ನಮ್ಮಂಥ ಸಣ್ಣ ಪಟ್ಟಣದವರಿಗೆ ಕೌನ್ಸಿಲ್ ಸಭೆಯೇ, ಅಂದರೆ ಪುರಸಭೆಗೆ ಆಯ್ಕೆಯಾದ ಸದಸ್ಯರ ಸಭೆಯೇ ದಾರಿ. ಆ ದಾರಿಯಲ್ಲಿ ನಡೆಯುವುದು ಹೇಗೆ ಅಂತ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಇದು ಪುರಸಭೆಯ ಕೆಲಸವೇ?

ಕರ್ನಾಟಕದಲ್ಲಿ 10 ಸಾವಿರದಿಂದ 20 ಸಾವಿರ ಜನಸಂಖ್ಯೆಯ ಊರಿಗೆ ಪಟ್ಟಣ ಪಂಚಾಯಿತಿ, 20ರಿಂದ 50 ಸಾವಿರಕ್ಕೆ ಪುರಸಭೆ, ಅದಕ್ಕೂ ಮೇಲೆ 3 ಲಕ್ಷದವರೆಗೆ ನಗರಸಭೆ. ಮೂರಕ್ಕೂ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯೇ ಆಧಾರ. ಹಾಗಾಗಿ ಇಲ್ಲಿ ಹೇಳುವುದು ಹೆಚ್ಚುಕಡಿಮೆ ಮೂರೂ ಕಡೆ ನಡೆಯುತ್ತದೆ.

ಊರೊಳಗೆ ಇರುವುದೆಲ್ಲ ಪುರಸಭೆಯದಲ್ಲ. ಪೇಟೆಯ ನಡುವೆ ಹಾದುಹೋಗುವ ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು. ವಿದ್ಯುತ್ ಕಂಬ ಬೆಸ್ಕಾಂ, ಹೆಸ್ಕಾಂನವರದು, ಆದರೆ ಅದರ ಮೇಲಿನ ಬೀದಿದೀಪ ಪುರಸಭೆಯದು. ಹೊಸ ಖಾಸಗಿ ಬಡಾವಣೆಯಲ್ಲಿ ಮನೆ ಕಟ್ಟಿದ್ದರೆ ಇನ್ನೊಂದು ತೊಡಕು ಇರುತ್ತದೆ. ಬಡಾವಣೆ ಮಾಡಿದವರು ರಸ್ತೆ, ಚರಂಡಿಯನ್ನು ಪುರಸಭೆಗೆ ಹಸ್ತಾಂತರ ಮಾಡಿದ್ದಾರಾ ಅಂತ ಕೇಳಿಕೊಳ್ಳಿ. ಹಸ್ತಾಂತರ ಆಗದಿದ್ದರೆ ಅಲ್ಲಿ ದುಡ್ಡು ಹಾಕಲು ಬರುವುದಿಲ್ಲ ಅನ್ನುತ್ತಾರೆ, ಅದು ನೆಪ ಅಲ್ಲ.

ಇನ್ನು ಬಲ್ಬು ಹೋಗಿದೆ, ಕಸದ ಗಾಡಿ ಬಂದಿಲ್ಲ, ಪೈಪ್ ಒಡೆದಿದೆ, ಚರಂಡಿ ಕಟ್ಟಿಕೊಂಡಿದೆ: ಇಂಥದ್ದಕ್ಕೆ ಸಭೆ ಬೇಕಿಲ್ಲ. ಆರೋಗ್ಯ ನಿರೀಕ್ಷಕರಿಗೋ ನೀರು ಬಿಡುವವರಿಗೋ ಹೇಳಿ, ಇಲ್ಲವೇ ‘ಜನಹಿತ’ ಆ್ಯಪ್‌ನಲ್ಲಿ ದೂರು ಹಾಕಿ. ಸಭೆಗೆ ಹೋಗಬೇಕಾದದ್ದು ಹೊಸದಾಗಿ ಆಗಬೇಕಾದ ಕೆಲಸ: ಹೊಸ ಚರಂಡಿ, ಹೊಸ ರಸ್ತೆ, ಮೋರಿಗೆ ಚಪ್ಪಡಿ, ಶೌಚಾಲಯ, ಸಂತೆ ಮೈದಾನದ ಕಟ್ಟೆ.

ಅರ್ಜಿ ಒಂದು ಪುಟ, ವಿಷಯ ಒಂದೇ

ಮೊದಲ ಅರ್ಜಿಗೆ ನಾವು ಕೊಟ್ಟಿದ್ದ ತಲೆಬರಹ ‘ನಮ್ಮ ಬಡಾವಣೆಯ ಸಮಸ್ಯೆಗಳ ಬಗ್ಗೆ’. ಐದನೆಯದಕ್ಕೆ ಹೀಗೆ ಬರೆದೆವು: ‘ವಿಷಯ: ವಾರ್ಡ್ ನಂ. 7, ಗಣಪತಿ ಗುಡಿಯಿಂದ ಅಂಗನವಾಡಿವರೆಗೆ ಸುಮಾರು 85 ಮೀಟರ್ ಸಿ.ಸಿ. ಚರಂಡಿ ನಿರ್ಮಾಣವನ್ನು ಮುಂದಿನ ಸಾಮಾನ್ಯ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸುವ ಕುರಿತು.’ ಇದರಲ್ಲಿ ಎಲ್ಲಿಂದ ಎಲ್ಲಿಗೆ, ಎಷ್ಟು ಉದ್ದ, ಏನು ಬೇಕು, ಎಲ್ಲಿಗೆ ಸೇರಿಸಬೇಕು ನಾಲ್ಕೂ ಇದೆ. ಉದ್ದವನ್ನು ನಾವೇ ಟೇಪ್ ಹಿಡಿದು ಅಳೆದೆವು. ಕೆಳಗೆ ಮೂರು ಸಾಲು: ಯಾವ ತಿಂಗಳಲ್ಲಿ ನೀರು ನುಗ್ಗುತ್ತದೆ, ಎಷ್ಟು ಮನೆಗೆ ತೊಂದರೆ, ಅಂಗನವಾಡಿಗೆ ಮಕ್ಕಳು ಹೇಗೆ ಹೋಗುತ್ತಾರೆ. ಎರಡು ಫೋಟೊ ಲಗತ್ತಿಸಿದೆವು. ಬೀದಿಯ ಹದಿನೆಂಟು ಮನೆಯವರು ಸಹಿ ಹಾಕಿದರು, ಹೆಸರಿನ ಮುಂದೆ ಮನೆ ನಂಬರ್ ಬರೆದರು.

ಅರ್ಜಿಯನ್ನು ಮುಖ್ಯಾಧಿಕಾರಿಗಳ ಹೆಸರಿಗೆ ಬರೆಯಿರಿ, ಒಂದೊಂದು ಪ್ರತಿ ಅಧ್ಯಕ್ಷರಿಗೆ ಮತ್ತು ವಾರ್ಡಿನ ಸದಸ್ಯರಿಗೆ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಟಪಾಲು ನಂಬರ್ ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ. ‘ಕೊಟ್ಟು ಹೋಗಿ, ನೋಡ್ತೀವಿ’ ಅಂದರೂ ನಗುನಗುತ್ತಲೇ ನಿಂತು ಹಾಕಿಸಿಕೊಳ್ಳಿ. ಮುಂದಿನ ಹೆಜ್ಜೆಗಳಿಗೆಲ್ಲ ಆ ನಂಬರೇ ಬೇಕು.

ಸದಸ್ಯರನ್ನು ಕಾಣುವುದು

ಸಭೆಯಲ್ಲಿ ಮಾತಾಡುವ ಹಕ್ಕು ನಮಗಿಲ್ಲ, ಸದಸ್ಯರಿಗಿದೆ. ಹಾಗಾಗಿ ನಮ್ಮ ವಿಷಯವನ್ನು ಅವರ ಬಾಯಲ್ಲಿ ಇಡಬೇಕು. ಚುನಾವಣೆಯಲ್ಲಿ ನೀವು ಯಾರಿಗೆ ಓಟು ಹಾಕಿದಿರಿ ಅನ್ನುವುದನ್ನು ಇಲ್ಲಿ ಮರೆತುಬಿಡಿ. ಬೆಳಿಗ್ಗೆ ಎಂಟಕ್ಕೆ ಮುಂಚೆ ಅವರ ಮನೆಗೇ ಹೋಗಿ. ಇಬ್ಬರು ಮೂವರು ಸಾಕು. ಅದರಲ್ಲಿ ಒಬ್ಬರು, ಯಾರ ಮನೆಗೆ ನೀರು ನುಗ್ಗುತ್ತದೋ ಆ ಮನೆಯ ಹೆಣ್ಣುಮಗಳು ಆಗಿರಲಿ. ನಮ್ಮ ಬೀದಿಯ ಅಜ್ಜಿಯೊಬ್ಬರು ‘ನೋಡಪ್ಪಾ, ರಾತ್ರಿ ಎರಡಕ್ಕೆ ಎದ್ದು ಬಕೆಟ್‌ನಲ್ಲಿ ನೀರು ಎತ್ತಿ ಹಾಕ್ತೀನಿ, ನಂಗೆ ಎಪ್ಪತ್ತು ದಾಟಿದೆ’ ಅಂದರು. ಹದಿನೆಂಟು ಸಹಿಗಿಂತ ಆ ಮಾತು ಜಾಸ್ತಿ ತಟ್ಟಿತು.

ಅಜೆಂಡಾ ಮಾಡುವ ಮುಂಚೆ ಹೋಗುವುದು ಮುಖ್ಯ. ಸಾಮಾನ್ಯ ಸಭೆ ತಿಂಗಳಿಗೊಮ್ಮೆ ನಡೆಯಬೇಕು, ಸಭೆಗೆ ಏಳು ದಿನ ಮುಂಚೆ ವಿಷಯಪಟ್ಟಿಯ ಸಮೇತ ತಿಳಿವಳಿಕೆ ಪತ್ರ ಸದಸ್ಯರ ಕೈ ಸೇರಬೇಕು. ವಿಶೇಷ ಸಭೆಯಾದರೆ ಮೂರು ದಿನ. ನಿಜ ಹೇಳಬೇಕೆಂದರೆ ಎಷ್ಟೋ ಊರುಗಳಲ್ಲಿ ಎರಡು ಮೂರು ತಿಂಗಳಾದರೂ ಸಭೆ ಕರೆದಿರುವುದಿಲ್ಲ. ಹಾಗಾದರೆ ಅದನ್ನೂ ಬರಹದಲ್ಲೇ ಕೇಳಿ.

ಅಜೆಂಡಾ ಓದುವುದು

ಪುರಸಭೆಯ ಸೂಚನಾ ಫಲಕದ ಮೇಲೆ ವಿಷಯಪಟ್ಟಿ ಅಂಟಿಸಿರುತ್ತಾರೆ. ಅಲ್ಲಿ ಕಾಣದಿದ್ದರೆ ಸದಸ್ಯರ ಬಳಿ ಫೋಟೊ ತೆಗೆದುಕೊಳ್ಳಿ. ಸಣ್ಣ ಊರಿನ ಅಜೆಂಡಾ ಎಲ್ಲ ಕಡೆ ಒಂದೇ ಥರ ಶುರುವಾಗುತ್ತದೆ: ಹಿಂದಿನ ಸಭೆಯ ನಡವಳಿ (ಏನೇನು ತೀರ್ಮಾನವಾಯಿತು ಅನ್ನುವ ಬರಹ) ಓದಿ ದಾಖಲಿಸುವುದು, ಕಳೆದ ತಿಂಗಳುಗಳ ಜಮಾ ಖರ್ಚು. ಆಮೇಲೆ ಕೊಳವೆಬಾವಿ ಮೋಟಾರ್ ರಿಪೇರಿ ಬಿಲ್ಲು, ಬ್ಲೀಚಿಂಗ್ ಪೌಡರ್ ಖರೀದಿ, ಸಂತೆ ಸುಂಕದ ಹರಾಜು, ಅಂಗಡಿ ಮಳಿಗೆಗಳ ಬಾಡಿಗೆ, ಅನುದಾನದ ಕ್ರಿಯಾ ಯೋಜನೆ. ಕೊನೆಯಲ್ಲಿ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’.

ನಿಮ್ಮ ವಿಷಯಕ್ಕೆ ಅದರದೇ ನಂಬರ್ ಇದೆಯಾ ನೋಡಿ. ‘ಇತರೆ ವಿಷಯದಲ್ಲಿ ತಗೊಳ್ತೀವಿ ಬಿಡಿ’ ಅಂದರೆ ಒಪ್ಪಬೇಡಿ. ಆ ಹೊತ್ತಿಗೆ ಊಟದ ಸಮಯ ಆಗಿರುತ್ತದೆ, ಅರ್ಧ ಜನ ಎದ್ದಿರುತ್ತಾರೆ. ಅದಕ್ಕಿಂತ, ‘ಕ್ರಿಯಾ ಯೋಜನೆ’ ಅನ್ನುವ ವಿಷಯ ಇದ್ದರೆ ಅದರೊಳಗಿನ ಕಾಮಗಾರಿ ಪಟ್ಟಿಗೆ ನಿಮ್ಮ ಚರಂಡಿ ಸೇರುವಂತೆ ಸದಸ್ಯರಿಗೆ ಹೇಳಿ. ದುಡ್ಡು ಹಂಚಿಕೆಯಾಗುವುದು ಆ ಪಟ್ಟಿಯಲ್ಲೇ.

ದುಡ್ಡು ಯಾವ ಲೆಕ್ಕದಿಂದ?

ಇದನ್ನು ತಿಳಿದುಕೊಂಡು ಹೋದರೆ ಎದುರಿಗೆ ಕೂತವರು ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ. ಪುರಸಭೆಗೆ ದುಡ್ಡು ಬರುವುದು ಮೂರು ಕಡೆಯಿಂದ. ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ಸುಂಕ ಸೇರಿದ್ದು ಪುರಸಭೆ ನಿಧಿ. ರಾಜ್ಯದಿಂದ ಬರುವುದು ಎಸ್‌ಎಫ್‌ಸಿ, ಅಂದರೆ ರಾಜ್ಯ ಹಣಕಾಸು ಆಯೋಗದ ಅನುದಾನ. ಕೇಂದ್ರದಿಂದ ಬರುವುದು ಕೇಂದ್ರ ಹಣಕಾಸು ಆಯೋಗದ ಅನುದಾನ. ಇದರೊಳಗೆ ಕೆಲವು ಪಾಲು ಮೊದಲೇ ಎತ್ತಿಟ್ಟಿರಬೇಕು: ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5. ನಿಮ್ಮ ಬೀದಿಯಲ್ಲಿ ಪರಿಶಿಷ್ಟರ ಮನೆಗಳೇ ಜಾಸ್ತಿ ಇದ್ದರೆ ‘ಶೇ 24.10ರಲ್ಲಿ ತೆಗೆದುಕೊಳ್ಳಿ’ ಅಂತ ಅರ್ಜಿಯಲ್ಲೇ ಬರೆಯಿರಿ. ಈ ದುಡ್ಡು ಖರ್ಚಾಗದೆ ಉಳಿಯುವುದು, ಅಥವಾ ಬೇರೆ ಬೀದಿಗೆ ಹರಿಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದು ಕೇಳುವವರಿಗಾಗಿಯೇ ಇಟ್ಟ ದುಡ್ಡು.

ಇನ್ನೊಂದು ಮಾತು. ಅರ್ಜಿಗೆ ಸಹಿ ಹಾಕಿದವರ ಮನೆ ತೆರಿಗೆ ಬಾಕಿ ಇದ್ದರೆ ಮೊದಲು ಕಟ್ಟಿಬಿಡಿ. ಕಾನೂನು ಹಾಗೆ ಕೇಳುತ್ತದೆ ಅಂತಲ್ಲ. ಆದರೆ ನಮ್ಮ ಬೀದಿಯ ಬಾಕಿ ಪಟ್ಟಿಯನ್ನು ಬಿಲ್ ಕಲೆಕ್ಟರ್ ತೆಗೆದು ತೋರಿಸಿದ ದಿನ ನಮ್ಮ ದನಿ ಸಣ್ಣದಾಗಿದ್ದು ನಿಜ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿಯೂ ಸಿಗುತ್ತದೆ.

ವರ್ಷಕ್ಕೊಮ್ಮೆ ಬಜೆಟ್ ಪೂರ್ವಭಾವಿ ಸಭೆ ಅಂತ ಸಾರ್ವಜನಿಕರನ್ನು ಕರೆಯುತ್ತಾರೆ, ಸಾಮಾನ್ಯವಾಗಿ ಡಿಸೆಂಬರ್, ಜನವರಿ ಸುಮಾರಿಗೆ. ಅಲ್ಲಿ ನಾವೂ ಮಾತಾಡಬಹುದು. ನಾನು ಹೋದ ವರ್ಷ ಇಡೀ ಊರಿನಿಂದ ಬಂದಿದ್ದವರು ಹತ್ತೊಂಬತ್ತು ಜನ. ಬೀದಿಗೆ ಇಬ್ಬರು ಹೋದರೂ ಸಾಕು, ಪಟ್ಟಿಗೆ ಸೇರುವ ಕೆಲಸಗಳು ಬೇರೆಯೇ ಆಗುತ್ತವೆ.

ಸಭೆಯ ದಿನ

ಸಭೆ ಸಾರ್ವಜನಿಕರಿಗೆ ತೆರೆದಿರುತ್ತದೆ. ಹಿಂದೆ ಕುರ್ಚಿ ಹಾಕಿಕೊಂಡು ಕೂತು ಕೇಳಬಹುದು. ಮಧ್ಯೆ ಮಾತಾಡಬೇಡಿ, ಕೂಗಾಡಬೇಡಿ, ಸುಮ್ಮನೆ ಬರೆದುಕೊಳ್ಳಿ. ನಾವು ನಾಲ್ಕು ಜನ ಹೋಗಿ ಕೂತಿದ್ದೆವು. ನಮ್ಮ ಸದಸ್ಯರು ಒಮ್ಮೆ ತಿರುಗಿ ನೋಡಿ, ಆಮೇಲೆ ಎದ್ದು ನಿಂತು ಹೇಳಿದರು. ಬರದೇ ಇದ್ದಿದ್ದರೆ ಹೇಳುತ್ತಿದ್ದರೋ ಇಲ್ಲವೋ.

ಇಲ್ಲಿ ಒಂದು ಸೂಕ್ಷ್ಮ ಇದೆ, ದಯವಿಟ್ಟು ಗಮನ ಕೊಡಿ. ಸಭೆಯಲ್ಲಿ ಆಡಿದ ಮಾತಿಗಿಂತ ನಡವಳಿ ಪುಸ್ತಕದಲ್ಲಿ ಬರೆದ ಸಾಲು ಮುಖ್ಯ. ‘ಆಯ್ತು, ಮಾಡೋಣ’ ಅಂತ ಎಲ್ಲರೂ ಅಂದಿರುತ್ತಾರೆ. ಪುಸ್ತಕದಲ್ಲಿ ‘ಸದರಿ ವಿಷಯವನ್ನು ಚರ್ಚಿಸಲಾಯಿತು’ ಅಂತ ಇರುತ್ತದೆ. ಅಂದರೆ ಏನೂ ಆಗಿಲ್ಲ ಅಂತ ಅರ್ಥ. ‘ಪರಿಶೀಲಿಸಿ ಕ್ರಮ ವಹಿಸಲು ಸೂಚಿಸಲಾಯಿತು’ ಅಂದರೆ ಇಂಜಿನಿಯರ್ ಒಮ್ಮೆ ಬಂದು ನೋಡಬಹುದು. ‘ಮುಂದಿನ ಸಭೆಗೆ ಮಂಡಿಸಲು ತೀರ್ಮಾನಿಸಲಾಯಿತು’ ಅಂದರೆ ಇನ್ನೊಂದು ಸುತ್ತು. ನಿಮಗೆ ಬೇಕಾದ ಸಾಲು ಇದು: ‘ಸದರಿ ಕಾಮಗಾರಿಗೆ ಅಂದಾಜು ಪಟ್ಟಿ ತಯಾರಿಸಿ, ಇಂಥ ಅನುದಾನದಲ್ಲಿ ಭರಿಸಲು ಸರ್ವಾನುಮತದಿಂದ ಅನುಮೋದಿಸಲಾಯಿತು.’ ಇದರಲ್ಲಿ ಕೆಲಸದ ಹೆಸರಿದೆ, ದುಡ್ಡಿನ ಹೆಸರಿದೆ, ಒಪ್ಪಿಗೆ ಇದೆ. ಇದೇ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಸದಸ್ಯರಿಗೆ ಮೊದಲೇ ಕೊಡಿ. ನಾವು ಕೊಟ್ಟಿದ್ದೆವು, ಅವರು ಅದನ್ನೇ ಓದಿದರು.

ಮೊದಲ ಸಲ ನಮ್ಮದು ‘ಚರ್ಚಿಸಲಾಯಿತು’ ಆಗಿತ್ತು. ಚೀಟಿ ಕೊಟ್ಟದ್ದು ಎರಡನೇ ಸಲ.

ಠರಾವಿನ ಪ್ರತಿ ಕೈಗೆ ಬರಲಿ

ಹದಿನೈದು ದಿನ ಬಿಟ್ಟು ಹೋಗಿ ಠರಾವಿನ ಪ್ರತಿ ಕೇಳಿ. ಕೊಟ್ಟರೆ ಸಂತೋಷ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, 150 ಪದ ಮೀರಬಾರದು. ಸಭೆಯ ತಾರೀಖು, ವಿಷಯ ಸಂಖ್ಯೆ ಬರೆದು ‘ಇದರ ನಡವಳಿಯ ದೃಢೀಕೃತ ಪ್ರತಿ’ ಅಂದರೆ ಆಯಿತು. 30 ದಿನದಲ್ಲಿ ಕೊಡಬೇಕು. ಕೊಡದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ.

ಆಮೇಲಿನ ಕಾಯುವಿಕೆ

ಠರಾವು ಆದ ಮಾರನೇ ದಿನ ಜೆಸಿಬಿ ಬರುವುದಿಲ್ಲ. ಕ್ರಿಯಾ ಯೋಜನೆಗೆ ಜಿಲ್ಲಾಧಿಕಾರಿ ಕಚೇರಿಯ ಅನುಮೋದನೆ ಬೇಕಾಗುತ್ತದೆ. ಆ ಕಡತ ಜಿಲ್ಲಾ ನಗರಾಭಿವೃದ್ಧಿ ಕೋಶದ ಮೂಲಕ ಹೋಗಿ ಬರುತ್ತದೆ. ಜೆಇ (ಕಿರಿಯ ಇಂಜಿನಿಯರ್) ಅಂದಾಜು ಪಟ್ಟಿ ಮಾಡಬೇಕು, ತಾಂತ್ರಿಕ ಮಂಜೂರಾತಿ ಆಗಬೇಕು, ಟೆಂಡರ್ ಕರೆಯಬೇಕು, ಕಾರ್ಯಾದೇಶ ಕೊಡಬೇಕು. ತಿಂಗಳಿಗೊಮ್ಮೆ ಹೋಗಿ ‘ಕಡತ ಯಾರ ಮೇಜಿನ ಮೇಲಿದೆ?’ ಅಂತಷ್ಟೇ ಕೇಳಿ. ‘ಕೆಲಸ ಯಾವಾಗ ಆಗುತ್ತೆ?’ ಅಂದರೆ ‘ಆಗುತ್ತೆ’ ಅನ್ನುವ ಉತ್ತರ ಸಿಗುತ್ತದೆ. ಮೇಜು ಕೇಳಿದರೆ ಒಂದು ಹೆಸರು ಸಿಗುತ್ತದೆ.

ಕೌನ್ಸಿಲ್ ಇಲ್ಲದ ಊರಿನವರು ಏನು ಮಾಡಬೇಕು ಅಂತ ಕೇಳಬಹುದು. ಅವಧಿ ಮುಗಿದು ಚುನಾವಣೆ ಆಗದ ಕಡೆ, ಮೀಸಲಾತಿ ತಕರಾರಿನಲ್ಲಿ ಅಧ್ಯಕ್ಷರ ಆಯ್ಕೆ ನಿಂತ ಕಡೆ ಆಡಳಿತಾಧಿಕಾರಿ ಇರುತ್ತಾರೆ. ಹೆಚ್ಚಾಗಿ ತಹಶೀಲ್ದಾರರು ಅಥವಾ ಉಪವಿಭಾಗಾಧಿಕಾರಿ. ಠರಾವಿನ ಜಾಗದಲ್ಲಿ ಅವರ ಆದೇಶ ಇರುತ್ತದೆ. ಅರ್ಜಿ ಅದೇ, ಸೀಲು ಅದೇ, ಚೀಟಿಯಲ್ಲಿ ಬರೆದ ಸಾಲೂ ಅದೇ. ಅವರಿಗೆ ನಿಮ್ಮ ಬೀದಿಯ ಪರಿಚಯ ಇರುವುದಿಲ್ಲ, ಹಾಗಾಗಿ ಫೋಟೊ ನಾಲ್ಕು ಜಾಸ್ತಿ ಇಡಿ. ಸಾಧ್ಯವಾದರೆ ಮಳೆ ಬಂದ ಮಾರನೇ ಬೆಳಿಗ್ಗೆ ಅವರನ್ನೇ ಕರೆದುಕೊಂಡು ಬನ್ನಿ.

ಕೆಲಸ ಶುರುವಾದ ದಿನ

ಜೆಇ ಬಳಿ ಅಂದಾಜು ಪಟ್ಟಿಯ ಪ್ರತಿ ಇಸ್ಕೊಳ್ಳಿ. ಅದರಲ್ಲಿ ಚರಂಡಿಯ ಅಗಲ, ಆಳ, ಗೋಡೆಯ ದಪ್ಪ ಬರೆದಿರುತ್ತದೆ. ಗುತ್ತಿಗೆದಾರರ ಬಿಲ್ಲಾಗುವ ಮುಂಚೆ ಅಳತೆ ಪುಸ್ತಕದಲ್ಲಿ ಅಳತೆ ದಾಖಲಾಗುತ್ತದೆ, ಅದಕ್ಕಿಂತ ಮೊದಲು ನೀವು ಒಮ್ಮೆ ಟೇಪ್ ಹಿಡಿಯಿರಿ. ನಮ್ಮಲ್ಲಿ ಆಳ ಎರಡು ಅಡಿ ಇರಬೇಕಿತ್ತು. ಗುಡಿಯ ಹತ್ತಿರ ಸರಿಯಾಗಿತ್ತು. ಅಂಗನವಾಡಿ ಮುಂದೆ, ಬಂಡೆ ಸಿಕ್ಕಿದ ಕಡೆ, ಒಂದೂಕಾಲು ಅಡಿಗೆ ನಿಲ್ಲಿಸಿದ್ದರು. ಅಲ್ಲಿ ಆಳ ಕಡಿಮೆಯಾದರೆ ಮೇಲಿನ ನೀರೆಲ್ಲ ಮತ್ತೆ ಅದೇ ಅಜ್ಜಿಯ ಮನೆಗೆ ತಿರುಗುತ್ತಿತ್ತು. ಜೆಇಗೆ ಫೋನ್ ಮಾಡಿ ಕರೆಸಿದೆವು, ಟೇಪ್ ಇಟ್ಟು ತೋರಿಸಿದೆವು. ಮೂರನೇ ದಿನ ಬ್ರೇಕರ್ ತಂದು ಬಂಡೆ ಒಡೆದು ಮತ್ತೆ ತೋಡಿದರು.